ಅಲಾಯ್ ಚಕ್ರದ ಕಲೆ, ಗೀರು, ಸವೆತ: ಪದರ ತಿಳಿದು ಕೈಹಾಕುವ ಕ್ರಮ

ಕಾರಿನ ಅಲಾಯ್ (ಅಲ್ಯೂಮಿನಿಯಮ್ ಮಿಶ್ರಲೋಹದ) ಚಕ್ರದ ಕಲೆ ತೆಗೆಯಲು ಹೋಗಿ ಚಕ್ರದ ಹೊಳಪನ್ನೇ ಕಳೆದುಕೊಂಡವರು ಸಾಮಾನ್ಯವಾಗಿ ಒಂದೇ ತಪ್ಪನ್ನು ಮಾಡಿರುತ್ತಾರೆ. ಕಲೆ ಹೋಗಲಿಲ್ಲವೆಂದು ಇನ್ನಷ್ಟು ಬಲವಾಗಿ ಉಜ್ಜಿರುತ್ತಾರೆ, ಅದಕ್ಕೂ ಜಗ್ಗದಿದ್ದಾಗ ಇನ್ನಷ್ಟು ಕಟುವಾದ ದ್ರಾವಣವನ್ನು ಸುರಿದಿರುತ್ತಾರೆ. ಆದರೆ ಆ ಕಲೆ ಬಣ್ಣದ ಮೇಲೆ ಕೂತಿದೆಯೋ, ಬಣ್ಣದೊಳಗೆ ನಾಟಿದೆಯೋ, ಬಣ್ಣದ ಕೆಳಗೆ ಲೋಹದಲ್ಲೇ ಹುಟ್ಟಿದೆಯೋ ಎಂದು ನೋಡಿರುವುದಿಲ್ಲ. ಮೇಲೆ ಕೂತದ್ದು ತೊಳೆದರೆ ಹೋಗುತ್ತದೆ, ನಾಟಿದ್ದು ಕರಗಿಸಿದರೆ ಹೋಗುತ್ತದೆ, ಕೆಳಗೆ ಹುಟ್ಟಿದ್ದು ಬಣ್ಣವನ್ನು ಸುಲಿಯದೆ ಹೋಗುವುದೇ ಇಲ್ಲ.

ಕೆಳಗಿನ ಹಂತಗಳನ್ನು ಸೌಮ್ಯವಾದುದರಿಂದ ಕಠಿಣವಾದುದರ ಕಡೆಗೆ ಜೋಡಿಸಲಾಗಿದೆ. ಯಾವ ಹಂತದಲ್ಲಿ ಕಲೆ ಮಾಯವಾಗುತ್ತದೆಯೋ ಅಲ್ಲಿಯೇ ನಿಲ್ಲಿಸಿ, ನೇರವಾಗಿ ಕೊನೆಯ ರಕ್ಷಣೆಯ ಹಂತಕ್ಕೆ ಹೋಗಬೇಕು. ಬರೀ ತೊಳೆಯುವ ಕೆಲಸವಾದರೆ ನಾಲ್ಕು ಚಕ್ರಗಳಿಗೆ ಅರ್ಧ ದಿನ ಸಾಕು. ಫುಟ್‌ಪಾತಿಗೆ ತಾಗಿ ಕೆತ್ತಿಹೋದ ಅಂಚನ್ನು ಸರಿಪಡಿಸುವುದಾದರೆ ಒಂದೇ ಚಕ್ರಕ್ಕೆ ಎರಡು ದಿನವನ್ನು ಮೀಸಲಿಡಬೇಕು.

ಹಂತ 1: ಚಕ್ರದ ಮೇಲ್ಮೈ ಯಾವುದೆಂದು ಗುರುತಿಸುವುದು

ಕಾರಿನ ಜೊತೆಗೇ ಬರುವ ಅಲಾಯ್ ಚಕ್ರಗಳಲ್ಲಿ ಹೆಚ್ಚಿನವು ಬೆಳ್ಳಿ, ಬೂದು ಅಥವಾ ಕಪ್ಪು ಬಣ್ಣ ಹೊಡೆದು ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹಾಕಿದಂಥವು. ಇವು ಕಾರಿನ ಬಾಗಿಲಿನಂತೆಯೇ ವರ್ತಿಸುತ್ತವೆ. ನಾವು ಮುಟ್ಟುವುದು ಲೋಹವನ್ನಲ್ಲ, ಕೂದಲೆಳೆಗಿಂತಲೂ ತೆಳುವಾದ ಆ ಹೊರಪದರವನ್ನು.

ಡೈಮಂಡ್ ಕಟ್ ಚಕ್ರಗಳಲ್ಲಿ ಮುಖಭಾಗದ ಬಣ್ಣವನ್ನು ಲೇತ್ ಯಂತ್ರದಲ್ಲಿ ಕೆತ್ತಿ, ಹೊಳೆಯುವ ಅಲ್ಯೂಮಿನಿಯಮ್ಮನ್ನು ಹೊರಗೆ ಕಾಣಿಸಿ, ಅದರ ಮೇಲೆ ಕ್ಲಿಯರ್ ಕೋಟ್ ಹಾಕಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಗ್ರಾಮಫೋನ್ ತಟ್ಟೆಯಂತೆ ಸುತ್ತು ಸುತ್ತಾದ ಸೂಕ್ಷ್ಮ ಗೆರೆಗಳು ಕಾಣುತ್ತವೆ. ಕಡ್ಡಿಗಳ (ಸ್ಪೋಕ್) ನಡುವಿನ ತಗ್ಗು ಕಪ್ಪಾಗಿದ್ದು ಮುಖ ಮಾತ್ರ ಹೊಳೆಯುತ್ತಿದ್ದರೆ ಅದು ಬಹುಮಟ್ಟಿಗೆ ಇದೇ ಬಗೆಯದು. ಈ ಗೆರೆಗಳನ್ನು ಕೈಯಿಂದ ಮರಳಿ ಮೂಡಿಸಲು ಸಾಧ್ಯವಿಲ್ಲವೆಂಬುದನ್ನು ಈಗಲೇ ನೆನಪಿನಲ್ಲಿಡಬೇಕು.

ಹೊರಗಿನಿಂದ ತಂದು ಹಾಕಿಸಿದ ಕೆಲವು ಚಕ್ರಗಳು ಯಾವ ಹೊದಿಕೆಯೂ ಇಲ್ಲದ, ಬರೀ ಪಾಲಿಶ್ ಮಾಡಿದ ಅಲ್ಯೂಮಿನಿಯಮ್ ಆಗಿರುತ್ತವೆ. ಅನುಮಾನವಿದ್ದರೆ ಮುಖದ ಅಂಚಿನಲ್ಲಿ ಬೆರಳಗಲದಷ್ಟು ಜಾಗಕ್ಕೆ ಲೋಹದ ಪಾಲಿಶನ್ನು ಬಿಳಿ ಬಟ್ಟೆಯಲ್ಲಿ ಹಚ್ಚಿ ಮೆಲ್ಲಗೆ ಉಜ್ಜಬೇಕು. ಬಟ್ಟೆ ಕಪ್ಪಾದರೆ ಅದು ಬರಿಯ ಲೋಹ, ಬಟ್ಟೆಗೆ ಚಕ್ರದ ಬಣ್ಣವೇ ಅಂಟಿದರೆ ಕ್ಲಿಯರ್ ಕೋಟ್ ಇಲ್ಲದ ಬಣ್ಣ, ಬಟ್ಟೆ ಶುಭ್ರವಾಗಿಯೇ ಉಳಿದರೆ ಕ್ಲಿಯರ್ ಕೋಟ್ ಇದೆ ಎಂದರ್ಥ. ಈ ಪರೀಕ್ಷೆಗೆ ಮೊದಲು ಆ ಜಾಗವನ್ನು ತೊಳೆದಿರಬೇಕು, ಇಲ್ಲವಾದರೆ ಬ್ರೇಕ್ ಪುಡಿಯ ಕಪ್ಪನ್ನೇ ಲೋಹದ ಕಪ್ಪೆಂದು ತಿಳಿಯುವ ಸಾಧ್ಯತೆಯಿದೆ.

ಹೊಳಪಿಲ್ಲದ ಮ್ಯಾಟ್ ಬಣ್ಣದ ಚಕ್ರಗಳಿಗೆ ಯಾವ ಬಗೆಯ ಪಾಲಿಶನ್ನೂ ಹಚ್ಚಬಾರದು, ಹಚ್ಚಿದ ಕಡೆ ಮಾತ್ರ ಮಿನುಗುವ ಮಚ್ಚೆ ಬೀಳುತ್ತದೆ. ಕ್ರೋಮ್ ಚಕ್ರಗಳಿಗೆ ಹುಳಿ ದ್ರಾವಣ ಸಲ್ಲದು. ಉಕ್ಕಿನ ರಿಮ್ಮಿನ ಮೇಲೆ ಪ್ಲಾಸ್ಟಿಕ್ಕಿನ ವೀಲ್ ಕ್ಯಾಪ್ ಇರುವ ಕಾರಾದರೆ ಕ್ಯಾಪನ್ನು ತೆಗೆದು ಬೇರೆಯಾಗಿ ತೊಳೆಯುವುದು ಸುಲಭ, ಅದು ಕೆತ್ತಿಹೋಗಿದ್ದರೆ ಹೊಸದನ್ನು ಕೊಳ್ಳುವುದೇ ಅಗ್ಗ.

ಹಂತ 2: ಕಲೆ ಯಾವ ಪದರದಲ್ಲಿದೆ ಎಂದು ಪರೀಕ್ಷಿಸುವುದು

ಇದಕ್ಕೆ ಬೇಕಾದದ್ದು ನೀರು ಮತ್ತು ಉಗುರು, ಅಷ್ಟೆ. ಕಲೆ ಅಥವಾ ಗೀರಿನ ಮೇಲೆ ನೀರು ಹಚ್ಚಿ ನೋಡಬೇಕು. ಒದ್ದೆಯಾದಾಗ ಮಾಯವಾಗಿ ಒಣಗಿದಾಗ ಮರಳಿ ಕಾಣುವ ಗೀರು ಕ್ಲಿಯರ್ ಕೋಟಿನಲ್ಲೇ ಇದೆ, ಪಾಲಿಶ್‌ಗೆ ಬಗ್ಗುತ್ತದೆ. ಒದ್ದೆಯಲ್ಲೂ ಎದ್ದು ಕಾಣುವ ಗೀರು ಬಣ್ಣವನ್ನು ಅಥವಾ ಲೋಹವನ್ನು ಮುಟ್ಟಿದೆ. ಆಮೇಲೆ ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಬೇಕು. ಉಗುರು ಸಿಕ್ಕಿಕೊಂಡರೆ ಉಜ್ಜುವುದರಿಂದ ಅದು ಹೋಗದು.

ಕಂದು ಅಥವಾ ಕಿತ್ತಳೆ ಬಣ್ಣದ ಚುಕ್ಕೆಗಳು ಉಗುರಿಗೆ ಮರಳಿನಂತೆ ತರಿತರಿಯಾಗಿ ಸಿಕ್ಕರೆ ಅವು ನಾಟಿಕೊಂಡ ಬ್ರೇಕ್ ಪುಡಿ. ಕಪ್ಪು ಬೊಟ್ಟುಗಳು ಉಬ್ಬಿದ್ದು ಬಿಸಿಲಿಗೆ ಮೆತ್ತಗಾದರೆ ಡಾಂಬರು. ಉಂಗುರದಾಕಾರದ ಬಿಳಿ ಗುರುತು ಗಡಸು ನೀರಿನದು. ಬಿಳಿ ಎಳೆಗಳು ಹುಳು ಹರಿದ ಜಾಡಿನಂತೆ ಕ್ಲಿಯರ್ ಕೋಟಿನ ಅಡಿಯಲ್ಲಿ ಹಬ್ಬಿದ್ದು, ಮೇಲೆ ಕೈಯಾಡಿಸಿದರೆ ನುಣುಪಾಗಿಯೇ ಇದ್ದರೆ ಲೋಹ ತುಕ್ಕು ಹಿಡಿಯುತ್ತಿದೆ. ಅದಕ್ಕೆ 3ರಿಂದ 8ರವರೆಗಿನ ಯಾವ ಹಂತವೂ ಮದ್ದಲ್ಲ, ನೇರವಾಗಿ 9ನೇ ಹಂತಕ್ಕೆ ಹೋಗಬೇಕು.

ಈ ಪರೀಕ್ಷೆಯ ಹೊತ್ತಿನಲ್ಲೇ ಕಾಣಬಹುದಾದ ಎರಡು ಎಚ್ಚರಿಕೆಯ ಚಿಹ್ನೆಗಳಿವೆ, ಅವು ಕಲೆಗಿಂತ ಮುಖ್ಯವಾದವು. ಮುಂದಿನ ಬ್ರೇಕುಗಳು ಹೆಚ್ಚು ಕೆಲಸ ಮಾಡುವುದರಿಂದ ಮುಂದಿನ ಚಕ್ರಗಳು ಬೇಗ ಕಪ್ಪಾಗುವುದು ಸಹಜ, ಹಿಂದೆ ಡ್ರಮ್ ಬ್ರೇಕ್ ಇರುವ ಸಣ್ಣ ಕಾರುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಆದರೆ ಮುಂದಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ವಿಪರೀತ ಕಪ್ಪಾಗುತ್ತಿದ್ದರೆ ಆ ಬದಿಯ ಬ್ರೇಕ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬಿಗಿದುಕೊಂಡಿರುವ ಸಂಭವವಿದೆ. ಚಕ್ರದ ಒಳಭಾಗದಿಂದ ಹೊರಕ್ಕೆ ಚಿಮ್ಮಿದ ಎಣ್ಣೆಯಂಥ ಒದ್ದೆ ಗೆರೆಗಳು ಕಂಡರೆ ಗ್ರೀಸ್ ಅಥವಾ ಬ್ರೇಕ್ ಆಯಿಲ್ ಸೋರುತ್ತಿದೆ, ಬ್ರೇಕ್ ಆಯಿಲ್ ಬಣ್ಣವನ್ನೂ ಸುಲಿಯುತ್ತದೆ. ಇಂಥ ಚಕ್ರವನ್ನು ತೊಳೆದು ಸುಮ್ಮನಾಗುವುದೆಂದರೆ ಸಾಕ್ಷಿಯನ್ನು ಅಳಿಸಿದಂತೆ. ಮೊದಲು ಮೆಕ್ಯಾನಿಕ್‌ಗೆ ತೋರಿಸಬೇಕು.

ಬೇಕಾಗುವ ಸಾಮಾನು

ಎರಡು ಬಕೆಟ್, ಕಾರ್ ಶಾಂಪೂ, ಮೆತ್ತನೆಯ ಉದ್ದ ಕೂದಲಿನ ಬ್ರಷ್, ನಟ್‌ಗಳ ಸಂದಿಗೆ ಹೋಗುವಂಥ ಹಳೆಯ ಪೇಂಟ್ ಬ್ರಷ್, ಚಕ್ರಕ್ಕೆಂದೇ ಮೀಸಲಾದ ನಾಲ್ಕಾರು ಮೈಕ್ರೋಫೈಬರ್ ಬಟ್ಟೆಗಳು, ರಬ್ಬರ್ ಕೈಗವಸು ಮತ್ತು ಕಣ್ಣಿಗೆ ಕನ್ನಡಕ. ಚಕ್ರಕ್ಕೆ ಬಳಸಿದ ಬಟ್ಟೆಯನ್ನು ಎಷ್ಟೇ ತೊಳೆದರೂ ಅದರಲ್ಲಿ ಕಬ್ಬಿಣದ ಕಣಗಳು ಉಳಿದಿರುತ್ತವೆ, ಅದನ್ನು ಮರೆತು ಬಾನೆಟ್ಟಿನ ಮೇಲೆ ಎಳೆದರೆ ಹೊಸ ಗೀರುಗಳ ಜಾಲವೇ ಮೂಡುತ್ತದೆ.

ಮನೆಯೊಳಗಿನಿಂದ ತರಬಾರದ ಸಾಮಾನುಗಳನ್ನೂ ಹೇಳಬೇಕು, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಅವುಗಳಿಂದಲೇ. ಪಾತ್ರೆ ಉಜ್ಜುವ ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್ ಮತ್ತು ಸೋಪಿನ ಪುಡಿ ಕ್ಲಿಯರ್ ಕೋಟನ್ನು ಮಂಜುಗಟ್ಟಿಸುತ್ತವೆ. ಹಿತ್ತಾಳೆಗೆ ಹೊಳಪು ಕೊಡುವ ಹುಣಸೆಹುಳಿ ಅಲ್ಯೂಮಿನಿಯಮ್ಮಿಗೆ ಹೊಂದುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಮತ್ತು ಒಲೆಯ ಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾ ದ್ರಾವಣ ಇವೆರಡೂ ಸಮಾನ ಅಪಾಯಕಾರಿ. ಅಲ್ಯೂಮಿನಿಯಮ್ಮನ್ನು ಕಾಪಾಡುವ ಅದರ ಸಹಜ ಆಕ್ಸೈಡ್ ಪೊರೆ ಸುಮಾರು 4ರಿಂದ 8.5ರವರೆಗಿನ ಪಿಎಚ್ (ಹುಳಿ, ಕ್ಷಾರಗಳ ಅಳತೆ) ಮಿತಿಯಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕಿಂತ ಹುಳಿಯಾದರೂ ಕ್ಷಾರವಾದರೂ ಕರಗತೊಡಗುತ್ತದೆ. ಆಸಿಡ್ ಹಾಕಿದಾಗ ಮೊದಲ ಕ್ಷಣಕ್ಕೆ ಚಕ್ರ ಹೊಸದರಂತೆ ಹೊಳೆಯುವುದೇ ಜನರನ್ನು ಮೋಸಗೊಳಿಸುತ್ತದೆ. ಕೆಲವೇ ದಿನಗಳಲ್ಲಿ ಅದೇ ಜಾಗ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ, ಅದಕ್ಕೆ ಮತ್ತೆ ಬಣ್ಣ ಹೊಡೆಸುವುದಲ್ಲದೆ ಬೇರೆ ದಾರಿಯಿಲ್ಲ. ವಾಟರ್ ಸರ್ವಿಸ್‌ಗೆ ಕಾರನ್ನು ಬಿಡುವವರು ಚಕ್ರಕ್ಕೆ ಯಾವ ದ್ರಾವಣ ಹಾಕುತ್ತಾರೆಂದು ಕೇಳಿ, ಲೇಬಲ್ ಇಲ್ಲದ ಕ್ಯಾನಿನಿಂದ ಹಾಕುವುದಾದರೆ ಶಾಂಪೂ ಮಾತ್ರ ಸಾಕೆಂದು ಹೇಳುವುದು ಒಳ್ಳೆಯದು.

ಹಂತ 3: ತಣ್ಣಗಾದ ಚಕ್ರವನ್ನು ತೊಳೆಯುವುದು

ಕಾರು ನಿಂತು ಕನಿಷ್ಠ ಒಂದು ಗಂಟೆಯಾಗಿರಬೇಕು, ನೆರಳಿನಲ್ಲಿರಬೇಕು, ಕೈಯಿಟ್ಟರೆ ಚಕ್ರ ತಣ್ಣಗಿರಬೇಕು. ಬಿಸಿ ಚಕ್ರದ ಮೇಲೆ ಯಾವ ದ್ರಾವಣವಾದರೂ ಕ್ಷಣದಲ್ಲಿ ಒಣಗಿ ತನ್ನದೇ ಕಲೆಯನ್ನು ಬಿಡುತ್ತದೆ, ಕಾದ ಬ್ರೇಕ್ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಅಪಾಯವೂ ಇದೆ.

ಕಾರಿನ ಮೈಗಿಂತ ಮೊದಲು ಚಕ್ರಗಳನ್ನು ತೊಳೆಯಬೇಕು, ಅದೂ ಒಂದಾದ ಮೇಲೊಂದು. ನಾಲ್ಕಕ್ಕೂ ಒಮ್ಮೆಗೇ ಶಾಂಪೂ ಹಚ್ಚಿದರೆ ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಮೊದಲು ಬರೀ ನೀರನ್ನು ಜೋರಾಗಿ ಹಾಯಿಸಿ ಒಳಭಾಗದ ಕೆಸರನ್ನು ಇಳಿಸಬೇಕು. ಕರಾವಳಿ ಮತ್ತು ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವೇ ಹೆಚ್ಚಾಗಿರುವುದರಿಂದ, ಅದನ್ನು ಬಿಟ್ಟು ಮುಂದುವರಿದರೆ 5ನೇ ಹಂತದ ದುಬಾರಿ ದ್ರಾವಣ ಮಣ್ಣಿಗೇ ಖರ್ಚಾಗಿಹೋಗುತ್ತದೆ. ಆಮೇಲೆ ಶಾಂಪೂ ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಒಳಭಾಗ, ಕಡ್ಡಿಗಳ ಹಿಂಬದಿ, ಮುಖ, ಕೊನೆಗೆ ನಟ್‌ಗಳ ಗುಳಿ ಎಂಬ ಕ್ರಮದಲ್ಲಿ ಉಜ್ಜಿ, ಪ್ರತಿ ಸಲವೂ ಬ್ರಷ್ಷನ್ನು ಎರಡನೆಯ ಬಕೆಟ್ಟಿನ ಬರಿನೀರಿನಲ್ಲಿ ಜಾಲಿಸಿಕೊಳ್ಳಬೇಕು.

ಒಳಭಾಗದಲ್ಲಿ ಅಂಟಿಸಿರುವ ಚಿಕ್ಕ ಲೋಹದ ಬಿಲ್ಲೆಗಳು ಚಕ್ರ ನಡುಗದೆ ತಿರುಗಲು ಹಾಕುವ ಬ್ಯಾಲೆನ್ಸಿಂಗ್ ತೂಕಗಳು. ಅವುಗಳನ್ನು ಕೊಳೆಯೆಂದು ಕೀಳಬಾರದು, ಪ್ರೆಶರ್ ವಾಷರ್ ಇದ್ದರೆ ಅದರ ಮೂತಿಯನ್ನು ಅವುಗಳ ಹತ್ತಿರ ಹಿಡಿಯಬಾರದು. ತೊಳೆದ ಮೇಲೆ ಒರೆಸಿ ಒಣಗಿಸಿ, 2ನೇ ಹಂತದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಅರ್ಧದಷ್ಟು ಕಲೆಗಳು ಇಷ್ಟಕ್ಕೇ ಹೋಗಿರುತ್ತವೆ.

ಹಂತ 4: ಡಾಂಬರಿನ ಬೊಟ್ಟುಗಳು

ಡಾಂಬರು ನೀರಿಗೆ ಜಗ್ಗದು, ಎಣ್ಣೆಯ ಜಾತಿಯ ದ್ರಾವಣಕ್ಕೆ ಮಾತ್ರ ಕರಗುತ್ತದೆ. ಹಾಗಾಗಿ ಈ ಕೆಲಸವನ್ನು ಒಣಗಿದ ಚಕ್ರದ ಮೇಲೆಯೇ ಮಾಡಬೇಕು. ಟಾರ್ ರಿಮೂವರನ್ನು ಚಕ್ರದ ಮೇಲೆ ಸಿಂಪಡಿಸುವ ಬದಲು ಬಟ್ಟೆಗೆ ಹಾಕಿಕೊಂಡು ಬೊಟ್ಟಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಕಂದು ಬಣ್ಣ ಬಿಡತೊಡಗಿದಾಗ ಒಂದೇ ದಿಕ್ಕಿಗೆ ಒರೆಸಬೇಕು. ಗುಂಡಗೆ ಉಜ್ಜಿದರೆ ಡಾಂಬರಿನೊಳಗಿನ ಸಣ್ಣ ಜಲ್ಲಿಯ ಚೂರು ಗೀರು ಎಳೆಯುತ್ತದೆ.

ಟಾರ್ ರಿಮೂವರ್ ಸಿಗದಿದ್ದರೆ ಸೀಮೆಎಣ್ಣೆಯನ್ನು ಬಟ್ಟೆಯ ತುದಿಗೆ ಮಾತ್ರ ಹಾಕಿ ಬಳಸಬಹುದು, ಆದರೆ ಅದು ಟೈರಿನ ರಬ್ಬರಿಗೂ ಬ್ರೇಕ್ ಡಿಸ್ಕ್‌ಗೂ ತಾಗಬಾರದು. ಥಿನ್ನರ್ ಬೇಡ, ಅದು ಡಾಂಬರಿನ ಜೊತೆಗೆ ಬಣ್ಣವನ್ನೂ ಎತ್ತುತ್ತದೆ. ಮುಗಿದ ಮೇಲೆ ಎಣ್ಣೆಯ ಪಸೆ ಉಳಿಯದಂತೆ ಮತ್ತೊಮ್ಮೆ ಶಾಂಪೂ ಹಾಕಿ ತೊಳೆಯಬೇಕು.

ಹಂತ 5: ನಾಟಿಕೊಂಡ ಬ್ರೇಕ್ ಪುಡಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. ಬ್ರೇಕ್ ಹಾಕಿದಾಗ ಎರಕದ ಕಬ್ಬಿಣದ ಡಿಸ್ಕ್ ಮತ್ತು ಪ್ಯಾಡ್ ಎರಡೂ ಸವೆದು ಬಿಸಿ ಪುಡಿಯಾಗಿ ಹಾರುತ್ತವೆ. ಆ ಬಿಸಿ ಕಬ್ಬಿಣದ ಕಣಗಳು ಕ್ಲಿಯರ್ ಕೋಟಿಗೆ ಕಚ್ಚಿಕೊಂಡು, ತೇವ ತಾಗಿದಾಗ ಅಲ್ಲೇ ತುಕ್ಕು ಹಿಡಿದು ಬೇರು ಬಿಟ್ಟಂತಾಗುತ್ತವೆ. ಅವುಗಳನ್ನು ಉಜ್ಜಿ ಕೀಳಲು ಹೋದರೆ ಪ್ರತಿಯೊಂದು ಕಣವೂ ಎಮರಿ ಪೇಪರಿನ ಹರಳಿನಂತೆ ಕೆಲಸ ಮಾಡುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ತೋಳ್ಬಲವಲ್ಲ, ಕಾಯುವ ತಾಳ್ಮೆ.

ಐರನ್ ರಿಮೂವರ್ ಎಂದು ಮಾರುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಜಾತಿಯ ಲವಣವಿರುತ್ತದೆ. ಅದು ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೊಳೆತ ಮೊಟ್ಟೆಯನ್ನು ಹೋಲುವ ಗಂಧಕದ ನಾತ ಬರುತ್ತದೆ, ಎರಡೂ ಸಹಜ. ಕೊಳ್ಳುವಾಗ ಪಿಎಚ್ ನ್ಯೂಟ್ರಲ್ (ಹುಳಿಯೂ ಕ್ಷಾರವೂ ಅಲ್ಲದ್ದು) ಎಂದು ಬರೆದಿರುವುದನ್ನೇ ಆರಿಸಬೇಕು. ಗಾಳಿಯಾಡುವ ಜಾಗದಲ್ಲಿ ಕೈಗವಸು ಧರಿಸಿ, ನೀರು ಸೋರಿಹೋದ ಆದರೆ ಇನ್ನೂ ಹಸಿಯಾಗಿರುವ ಚಕ್ರದ ಮೇಲೆ ಕೆಳಗಿನಿಂದ ಮೇಲಕ್ಕೆ ಸಿಂಪಡಿಸಬೇಕು. 3ರಿಂದ 5 ನಿಮಿಷ ಕಾಯಬೇಕು. ಈ ನಡುವೆ ಒಣಗುವ ಸೂಚನೆ ಕಂಡರೆ ಅದರ ಮೇಲೆಯೇ ಇನ್ನಷ್ಟು ಸಿಂಪಡಿಸಬೇಕೇ ಹೊರತು ಹಾಗೆಯೇ ಬಿಡಬಾರದು. ಒಣಗಿದ ನೇರಳೆ ಗೆರೆ ಕೆಲವೊಮ್ಮೆ ತಾನೇ ಒಂದು ಹೊಸ ಕಲೆಯಾಗಿ ಉಳಿಯುತ್ತದೆ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಕದಡಿ, ಧಾರಾಳವಾಗಿ ನೀರು ಹಾಯಿಸಿ ತೊಳೆಯಬೇಕು.

ಹಲವು ತಿಂಗಳಿನಿಂದ ತೊಳೆಯದ ಚಕ್ರಕ್ಕೆ ಒಂದು ಸುತ್ತು ಸಾಲದು, ಎರಡು ಮೂರು ಸುತ್ತು ಬೇಕಾಗುತ್ತದೆ. ಪ್ರತಿ ಸುತ್ತಿನಲ್ಲೂ ನೇರಳೆ ಬಣ್ಣ ತೆಳುವಾಗುತ್ತ ಹೋಗಬೇಕು. ನೇರಳೆ ಬಣ್ಣ ಬರುವುದು ನಿಂತುಹೋಗಿಯೂ ಚುಕ್ಕೆಗಳು ಉಳಿದಿದ್ದರೆ ಅಲ್ಲಿ ಕಬ್ಬಿಣವಿಲ್ಲ, ಕಣ ಹೋದ ಮೇಲೆ ಉಳಿದ ಗುಳಿಯಿದೆ. ಇನ್ನಷ್ಟು ದ್ರಾವಣ ಸುರಿಯುವುದು ವ್ಯರ್ಥ. ತರಿತರಿ ಮಾತ್ರ ಉಳಿದಿದ್ದರೆ ಶಾಂಪೂ ನೀರನ್ನು ಜಾರುಕವಾಗಿ ಬಳಸಿ ಕ್ಲೇ ಬಾರಿನ (ಅಂಟಿದ ಕಣಗಳನ್ನು ಎತ್ತುವ ಮೆತ್ತನೆಯ ಜೇಡಿಯ) ಒಂದು ಚಿಕ್ಕ ತುಂಡನ್ನು ಹಗುರವಾಗಿ ಓಡಿಸಬಹುದು. ಆ ತುಂಡನ್ನು ಮತ್ತೆ ಕಾರಿನ ಮೈಗೆ ಬಳಸದೆ ಎಸೆಯಬೇಕು.

ಬರಿಯ ಅಲ್ಯೂಮಿನಿಯಮ್ ಚಕ್ರವಾದರೆ ಐರನ್ ರಿಮೂವರನ್ನು ಮೊದಲು ಹಿಂಬದಿಯಲ್ಲಿ ಚಿಕ್ಕದಾಗಿ ಹಚ್ಚಿ ನೋಡಿ, ಮಂಕಾಗದಿದ್ದರೆ ಮಾತ್ರ ಮುಂದುವರಿಯಬೇಕು.

ಹಂತ 6: ಗಡಸು ನೀರಿನ ಬಿಳಿ ಕಲೆ

ಬೋರ್‌ವೆಲ್ ನೀರಿನಿಂದ ಕಾರು ತೊಳೆದು ಬಿಸಿಲಿನಲ್ಲಿ ಒಣಗಲು ಬಿಡುವ ಮನೆಗಳಲ್ಲಿ ಈ ಕಲೆ ತಪ್ಪದು. ನೀರು ಆವಿಯಾಗಿ ಅದರಲ್ಲಿದ್ದ ಸುಣ್ಣದ ಅಂಶ ಉಂಗುರವಾಗಿ ಉಳಿಯುತ್ತದೆ. ಇದೊಂದಕ್ಕೆ ಮಾತ್ರ ತೆಳುವಾದ ಹುಳಿ ಬೇಕು, ಅದೂ ಕ್ಲಿಯರ್ ಕೋಟ್ ಸುಸ್ಥಿತಿಯಲ್ಲಿರುವ ಚಕ್ರಕ್ಕೆ ಮಾತ್ರ. ಬಿಳಿ ವಿನೆಗರಿಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಕಲೆಯ ಮೇಲೆ ಒಂದು ನಿಮಿಷ ಇಟ್ಟು, ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಬೇಕು. ಹಿಂದಿನ ಹಂತದ ದ್ರಾವಣ ಪೂರ್ತಿ ತೊಳೆದುಹೋಗುವ ಮೊದಲು ಹುಳಿಯನ್ನು ತರಬಾರದು. ಯಾವ ಎರಡು ರಾಸಾಯನಿಕಗಳೂ ಚಕ್ರದ ಮೇಲೆ ಭೇಟಿಯಾಗಬಾರದೆಂಬುದು ಈ ಇಡೀ ಕೆಲಸಕ್ಕೆ ಅನ್ವಯಿಸುವ ನಿಯಮ.

ಕ್ಲಿಯರ್ ಕೋಟ್ ಎದ್ದುಹೋದ ಕಡೆ, ಬರಿ ಲೋಹದ ಮೇಲೆ ಮತ್ತು ಕ್ರೋಮಿನ ಮೇಲೆ ಈ ಹಂತವನ್ನು ಬಿಡಬೇಕು.

ಹಂತ 7: ಪಾಲಿಶ್

ಉಗುರಿಗೆ ಸಿಗದ, ಒದ್ದೆಯಲ್ಲಿ ಮಾಯವಾಗುವ ಗೀರುಗಳಿಗೆ ಮತ್ತು ಮಂಕಾದ ಮೇಲ್ಮೈಗೆ ಪಾಲಿಶ್ ಸಾಕು. ಕ್ಲಿಯರ್ ಕೋಟ್ ಇರುವ ಚಕ್ರಕ್ಕೆ ಕಾರಿನ ಬಣ್ಣಕ್ಕೆ ಬಳಸುವ ನಯವಾದ ಪಾಲಿಶ್, ಬರಿಯ ಲೋಹಕ್ಕೆ ಲೋಹದ ಪಾಲಿಶ್. ಇವೆರಡನ್ನು ಅದಲುಬದಲು ಮಾಡುವುದೇ ಇಲ್ಲಿನ ಸಾಮಾನ್ಯ ತಪ್ಪು. ಕಡಲೆಕಾಳಿನಷ್ಟು ಪಾಲಿಶನ್ನು ಸ್ಪಂಜಿಗೆ ಹಾಕಿ, ಅಂಗೈಯಗಲದ ಜಾಗದಲ್ಲಿ ಒಂದು ನಿಮಿಷ ಉಜ್ಜಿ, ಒರೆಸಿ ನೋಡಬೇಕು. ಎರಡು ಸಲಕ್ಕೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಬೇಕು. ಕಡ್ಡಿಯ ಚೂಪು ಅಂಚುಗಳಲ್ಲಿ ಕ್ಲಿಯರ್ ಕೋಟ್ ಅತ್ಯಂತ ತೆಳುವಾಗಿರುವುದರಿಂದ ಅಲ್ಲಿ ಒತ್ತಡ ಹಾಕಬಾರದು.

ಹಂತ 8: ಫುಟ್‌ಪಾತಿಗೆ ತಾಗಿ ಕೆತ್ತಿಹೋದ ಅಂಚು

ಮನೆಯಲ್ಲಿ ಸರಿಪಡಿಸಬಹುದಾದದ್ದು ಬಣ್ಣ ಹೊಡೆದ ಚಕ್ರದ ಹೊರ ಅಂಚಿನ ಕೆತ್ತು ಮಾತ್ರ, ಅದೂ ಆಳ ಸುಮಾರು 1 ಮಿಲಿಮೀಟರಿನೊಳಗೆ ಇದ್ದರೆ. ಕಡ್ಡಿಯ ಬುಡಕ್ಕೆ, ಟೈರ್ ಕೂರುವ ಒಳ ಅಂಚಿಗೆ ಅಥವಾ ನಟ್‌ಗಳ ಸುತ್ತಮುತ್ತ ಆದ ಗಾಯಕ್ಕೆ ಕೈಹಾಕಬಾರದು. ಡೈಮಂಡ್ ಕಟ್ ಮುಖಕ್ಕೂ ಈ ಹಂತ ಸಲ್ಲದು.

ಕಾಲದ ಆಯ್ಕೆಯೂ ಕೆಲಸದ ಭಾಗವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸ್ಪ್ರೇ ಬಣ್ಣ ಹೊಡೆದರೆ ಗಾಳಿಯ ತೇವ ಒಣಗುವ ಪದರದಲ್ಲಿ ಸಿಕ್ಕಿಕೊಂಡು ಕ್ಲಿಯರ್ ಕೋಟ್ ಹಾಲುಬಿಳುಪಾಗುತ್ತದೆ. ಚಳಿಗಾಲದ ಒಣ ಹವೆಯಲ್ಲಿ, ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ 10ರ ನಂತರ ಶುರುಮಾಡುವುದು ಉತ್ತಮ. ನಾನು ಮೊದಲ ಸಲ ಆಗಸ್ಟ್ ತಿಂಗಳಲ್ಲಿ, ಮಳೆ ಬಿಟ್ಟ ಎರಡು ಗಂಟೆಯ ಬಿಡುವನ್ನು ನಂಬಿ ಈ ಕೆಲಸ ಮಾಡಿ, ಮರುದಿನ ಎಲ್ಲವನ್ನೂ ಉಜ್ಜಿ ತೆಗೆದು ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಚಕ್ರವನ್ನು ಬಿಚ್ಚಿ ಸ್ಟೆಪ್ನಿ ಹಾಕಿಕೊಂಡರೆ ಕೆಲಸ ನೆಮ್ಮದಿಯಾಗಿ ಸಾಗುತ್ತದೆ. ಸಮತಟ್ಟಾದ ನೆಲ, ಹ್ಯಾಂಡ್ ಬ್ರೇಕ್, ಉಳಿದ ಚಕ್ರಗಳಿಗೆ ಕಲ್ಲಿನ ಅಡ್ಡ, ಇವಿಷ್ಟೂ ಆದ ಮೇಲೆಯೇ ಜಾಕ್ ಏರಿಸಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಕೈಕಾಲು ಹೋಗಬಾರದು. ಸ್ಟೆಪ್ನಿ ಅಳತೆಯಲ್ಲಿ ಚಿಕ್ಕದಾಗಿದ್ದರೆ ಅದರ ಮೇಲೆ ಬರೆದಿರುವ ವೇಗದ ಮಿತಿಯನ್ನು ಮೀರಬಾರದು.

ಮೊದಲ ಕೆಲಸ ಜಿಡ್ಡು ತೆಗೆಯುವುದು. ಗಾಯದ ಸುತ್ತ ಒಂದು ಗೇಣಿನಷ್ಟು ಜಾಗವನ್ನು ಶಾಂಪೂವಿನಿಂದ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಟೈರಿಗೆ ಹಾಕುವ ಹೊಳಪಿನ ದ್ರಾವಣದಲ್ಲಿ ಸಿಲಿಕೋನ್ ಇರುವುದರಿಂದ ಅದರ ಒಂದು ಹನಿ ಉಳಿದರೂ ಬಣ್ಣ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ. ಉಜ್ಜಿದ ಮೇಲೆ ಒರೆಸುವುದಕ್ಕಿಂತ ಉಜ್ಜುವ ಮೊದಲೇ ಒರೆಸುವುದು ಮುಖ್ಯ, ಇಲ್ಲದಿದ್ದರೆ ಎಮರಿ ಪೇಪರ್ ಆ ಜಿಡ್ಡನ್ನು ಗೀರಿನ ಆಳಕ್ಕೆ ತುಂಬುತ್ತದೆ.

ಟೈರನ್ನು ಮರೆಮಾಡಲು ಗಾಳಿಯನ್ನು ಸ್ವಲ್ಪ ಇಳಿಸಿ, ಟೈರ್ ಮತ್ತು ರಿಮ್ಮಿನ ಸಂದಿಯಲ್ಲಿ ಹಳೆಯ ಇಸ್ಪೀಟ್ ಎಲೆಗಳನ್ನು ಒಂದರ ಮೇಲೊಂದು ಬರುವಂತೆ ಸುತ್ತಲೂ ಸಿಕ್ಕಿಸಬೇಕು. ಮಾಸ್ಕಿಂಗ್ ಟೇಪಿಗಿಂತ ಇದು ಚೊಕ್ಕ. ಉಳಿದ ಕಡೆಗೆ ಟೇಪು ಮತ್ತು ಹಳೆಯ ಪತ್ರಿಕೆ ಸಾಕು.

ಈಗ ಎದ್ದಿರುವ ಲೋಹದ ಮುಳ್ಳುಗಳನ್ನು ಸಣ್ಣ ಅರದಿಂದ ಸವರಿ, 180ರ ಎಮರಿ ಪೇಪರಿನಿಂದ (ಅಂಕಿ ಹೆಚ್ಚಿದಷ್ಟೂ ಪೇಪರ್ ನಯ) ಗಾಯದ ಅಂಚು ಸುತ್ತಲಿನ ಬಣ್ಣದೊಳಗೆ ಇಳಿಜಾರಾಗಿ ಸೇರುವಂತೆ ಉಜ್ಜಬೇಕು, ಆಮೇಲೆ 320. ಆಂಗಲ್ ಗ್ರೈಂಡರ್ ಬೇಡ. ಕೈಯಿಂದ ಹತ್ತು ನಿಮಿಷದಲ್ಲಿ ಆಗುವ ಕೆಲಸವನ್ನು ಅದು ಎರಡು ಸೆಕೆಂಡಿನಲ್ಲಿ ಕೆಡಿಸಿ, ತುಂಬಲಾಗದ ಹಳ್ಳ ತೋಡುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಮೆಟ್ಟಿಲು ಸಿಗಬಾರದು. ಇಲ್ಲಿ ಬೆರಳಿಗೆ ಸಿಕ್ಕ ಮೆಟ್ಟಿಲು ಬಣ್ಣ ಹೊಡೆದ ನಂತರ ಕಣ್ಣಿಗೆ ಹತ್ತರಷ್ಟಾಗಿ ಕಾಣುತ್ತದೆ.

ಉಳಿದ ತಗ್ಗಿಗೆ ಎರಡು ಭಾಗಗಳನ್ನು ಬೆರೆಸುವ ಪುಟ್ಟಿಯನ್ನು, ಸಾಧ್ಯವಾದರೆ ಅಲ್ಯೂಮಿನಿಯಮ್ ಪುಡಿ ಸೇರಿರುವುದನ್ನು, ತೆಳುವಾಗಿ ಹಚ್ಚಬೇಕು. ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಹಾರ್ಡ್ನರ್ (ಗಟ್ಟಿಗೊಳಿಸುವ ಭಾಗ) ಹಾಕಿದರೆ ಬೇಗ ಗಟ್ಟಿಯಾಗುತ್ತದೆ ನಿಜ, ಆಮೇಲೆ ಬಿರುಕೂ ಬಿಡುತ್ತದೆ. ಗಟ್ಟಿಯಾದ ಮೇಲೆ 320 ಮತ್ತು 400ರಿಂದ ಸಮ ಮಾಡಬೇಕು. ಪುಟ್ಟಿ ಆಕಾರವನ್ನು ತುಂಬುತ್ತದೆಯೇ ಹೊರತು ಬಲವನ್ನು ತುಂಬುವುದಿಲ್ಲ. ಬಿರುಕಿಗೆ ಪುಟ್ಟಿ ಹಚ್ಚುವುದು ಅಪಾಯವನ್ನು ಬಣ್ಣದಡಿ ಬಚ್ಚಿಟ್ಟಂತೆ.

ಉಜ್ಜಿದ ಅಲ್ಯೂಮಿನಿಯಮ್ ಗಾಳಿಗೆ ತೆರೆದ ಕೂಡಲೇ ಹೊಸ ಆಕ್ಸೈಡ್ ಪೊರೆ ಬೆಳೆಸಿಕೊಳ್ಳುವುದರಿಂದ ರಾತ್ರಿ ಉಜ್ಜಿ ಬೆಳಿಗ್ಗೆ ಬಣ್ಣ ಹೊಡೆಯುವ ಯೋಜನೆ ಬೇಡ. ಮತ್ತೊಮ್ಮೆ ಆಲ್ಕೋಹಾಲಿನಿಂದ ಒರೆಸಿ, ಅಂದೇ ಎಚ್ (etch) ಪ್ರೈಮರಿನ, ಅಂದರೆ ಬರಿ ಲೋಹಕ್ಕೆ ಕಚ್ಚಿಕೊಳ್ಳುವ ಪ್ರೈಮರಿನ, ಎರಡು ತೆಳು ಪದರ ಹಾಕಬೇಕು. ಬರಿಯ ಅಲ್ಯೂಮಿನಿಯಮ್ಮಿಗೆ ಮನೆಯ ಗೇಟಿಗೆ ಹೊಡೆಯುವ ಪ್ರೈಮರ್ ಹಾಕಿದರೆ ಕೆಲವೇ ತಿಂಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಡಬ್ಬಿಯೊಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೆಯೂ ಎರಡು ನಿಮಿಷ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಗಾಯಕ್ಕಿಂತ ಮೊದಲೇ ಶುರುಮಾಡಿ ಗಾಯ ದಾಟಿದ ಮೇಲೆ ನಿಲ್ಲಿಸುವಂತೆ ಕೈಯಾಡಿಸಬೇಕು. ಪದರಗಳ ನಡುವೆ 10ರಿಂದ 15 ನಿಮಿಷ ಬಿಡಬೇಕು. ಪ್ರೈಮರ್ ಒಣಗಿದ ಮೇಲೆ 600 ಅಥವಾ 800ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ನಯಮಾಡಿ, ಒಣಗಿಸಿ, ಬಣ್ಣದ ಮೂರು ನಾಲ್ಕು ತೆಳು ಪದರ, ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೆ ಕ್ಲಿಯರ್ ಕೋಟಿನ ಎರಡು ಮೂರು ಪದರ ಹಾಕಬೇಕು. ಬೆಳ್ಳಿ ಬಣ್ಣದಲ್ಲಿ ಹತ್ತಾರು ಛಾಯೆಗಳಿರುವುದರಿಂದ ಮೊದಲು ರಟ್ಟಿನ ಚೂರಿಗೆ ಹೊಡೆದು, ಒಣಗಿಸಿ, ಚಕ್ರದ ಪಕ್ಕ ಹಿಡಿದು ನೋಡುವುದು ಲೇಸು.

ಬಣ್ಣ ಸೋರಿದರೆ ಹಸಿಯಲ್ಲಿ ಒರೆಸಬಾರದು. ಪೂರ್ತಿ ಒಣಗಲು ಬಿಟ್ಟು, ವಾಟರ್ ಪೇಪರಿನಿಂದ ಇಳಿಸಿ, ಮತ್ತೆ ಹೊಡೆಯಬೇಕು.

ಉಜ್ಜುವಾಗ ಎನ್95 ಮಾಸ್ಕ್ ಸಾಕು, ಆದರೆ ಅದು ಸ್ಪ್ರೇ ಬಣ್ಣದ ಆವಿಯನ್ನು ತಡೆಯುವುದಿಲ್ಲ. ಬಣ್ಣಕ್ಕೆ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮುಖವಾಡ ಮತ್ತು ತೆರೆದ ಜಾಗ ಎರಡೂ ಬೇಕು. ಹಾರ್ಡ್ನರ್ ಬೆರೆಸುವ 2ಕೆ ಕ್ಲಿಯರ್ ಕೋಟ್ ಹೆಚ್ಚು ಬಾಳುತ್ತದೆಯಾದರೂ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಅದನ್ನು ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ಪೇಂಟರಿಗೇ ಬಿಡಬೇಕು.

ಹಂತ 9: ಮನೆಯಲ್ಲಿ ಮುಟ್ಟಬಾರದವು

ಕ್ಲಿಯರ್ ಕೋಟಿನ ಅಡಿ ಹುಳುವಿನಂತೆ ಹರಿಯುವ ಬಿಳಿ ತುಕ್ಕು ಯಾವುದೋ ಒಂದು ಚಿಕ್ಕ ಕಲ್ಲೇಟಿನಿಂದ ಶುರುವಾಗಿ, ತೇವ ಮತ್ತು ಉಪ್ಪಿನ ಬಲದಿಂದ ಹಬ್ಬುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕಡಲತೀರದ ಊರುಗಳಲ್ಲಿ ಡೈಮಂಡ್ ಕಟ್ ಚಕ್ರಗಳನ್ನು ಇದು ಹೆಚ್ಚಾಗಿ ಕಾಡುತ್ತದೆ. ಮೇಲಿನಿಂದ ಏನು ಹಚ್ಚಿದರೂ ಅದನ್ನು ತಲುಪದು. ಹೊದಿಕೆಯನ್ನು ಪೂರ್ತಿ ಸುಲಿದು, ಲೇತಿನಲ್ಲಿ ಮುಖವನ್ನು ಮತ್ತೆ ಕೆತ್ತಿ, ಹೊಸ ಕ್ಲಿಯರ್ ಕೋಟ್ ಹಾಕಬೇಕು. ಪ್ರತಿ ಕೆತ್ತನೆಯಲ್ಲೂ ಒಂದಿಷ್ಟು ಲೋಹ ಹೋಗುವುದರಿಂದ ಇದನ್ನು ಮತ್ತೆ ಮತ್ತೆ ಮಾಡಿಸಲಾಗದು. ಕಡಲ ಬಳಿಯಿರುವವರಿಗೆ ನನ್ನ ಸಲಹೆ, ಒಮ್ಮೆ ತುಕ್ಕು ಹಿಡಿದ ಡೈಮಂಡ್ ಕಟ್ ಚಕ್ರವನ್ನು ಮತ್ತೆ ಕೆತ್ತಿಸುವ ಬದಲು ಪೂರ್ತಿ ಬಣ್ಣ ಹೊಡೆಸಿಬಿಡುವುದು.

ಬಿರುಕು ಮತ್ತು ಬಾಗುವಿಕೆ ಅಂದದ ಪ್ರಶ್ನೆಯೇ ಅಲ್ಲ. ಪಂಕ್ಚರ್ ಇಲ್ಲದೆಯೂ ವಾರಕ್ಕೊಮ್ಮೆ ಗಾಳಿ ಇಳಿಯುವುದು, ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ನಡುಗುವುದು, ಗುಂಡಿಗೆ ಬಿದ್ದ ಮೇಲೆ ಬ್ಯಾಲೆನ್ಸಿಂಗ್ ನಿಲ್ಲದಿರುವುದು, ಇವು ಕಂಡರೆ ಚಕ್ರವನ್ನು ಬಿಚ್ಚಿಸಿ ಒಳಭಾಗವನ್ನು ನೋಡಿಸಬೇಕು. ಬಿರುಕು ಹೊರಗಿಗಿಂತ ಒಳ ಅಂಚಿನಲ್ಲಿ ಕಾಣುವುದೇ ಹೆಚ್ಚು. ಬಿರುಕುಬಿಟ್ಟ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿ ಹೆದ್ದಾರಿಗೆ ಇಳಿಯುವುದಕ್ಕಿಂತ ಒಂದು ಚಕ್ರವನ್ನು ಕೊಳ್ಳುವುದು ಮೇಲು.

ಹಂತ 10: ಅಂಗಡಿಗೆ ಕೊಡುವಾಗ ಕೇಳಬೇಕಾದದ್ದು

ಪೌಡರ್ ಕೋಟಿಂಗ್ (ಪುಡಿ ರೂಪದ ಬಣ್ಣವನ್ನು ಹಚ್ಚಿ ಬಿಸಿಯಲ್ಲಿ ಗಟ್ಟಿಗೊಳಿಸುವುದು) ಮಾಡಿಸುವುದಾದರೆ ಹಳೆಯ ಬಣ್ಣವನ್ನು ಹೇಗೆ ತೆಗೆಯುತ್ತಾರೆಂದು ಮೊದಲು ಕೇಳಬೇಕು. ಬೆಂಕಿಯಲ್ಲಿ ಅಥವಾ ಅತಿ ಬಿಸಿಯ ಒಲೆಯಲ್ಲಿ ಸುಟ್ಟು ತೆಗೆಯುವುದಾದರೆ ಬೇಡ. ಅಲಾಯ್ ಚಕ್ರಗಳ ಬಲ ಕಾರ್ಖಾನೆಯಲ್ಲಿ ಕೊಟ್ಟ ಶಾಖ ಸಂಸ್ಕಾರದಿಂದ ಬಂದಿರುತ್ತದೆ, ಮಿತಿಮೀರಿದ ಬಿಸಿ ಅದನ್ನು ಕುಂದಿಸುತ್ತದೆ. ಪೌಡರನ್ನು ಗಟ್ಟಿಗೊಳಿಸಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿ ಹಾಗೂ ಮತ್ತೆ ಮತ್ತೆ ಬೇಯಿಸುವುದು ಒಳ್ಳೆಯದಲ್ಲ.

ಎರಡನೆಯ ಪ್ರಶ್ನೆ, ಕಾರಿನಲ್ಲಿ ಚಕ್ರ ಕೂರುವ ಭಾಗವಾದ ಹಬ್‌ಗೆ ತಾಗುವ ಹಿಂಬದಿಯ ಮುಖವನ್ನೂ ನಟ್ ಕೂರುವ ಗುಳಿಗಳನ್ನೂ ಬಣ್ಣ ತಾಗದಂತೆ ಮುಚ್ಚುತ್ತಾರೆಯೇ ಎಂಬುದು. ಒಮ್ಮೆ ನಾನು ಕೊಟ್ಟಿದ್ದ ಅಂಗಡಿಯಲ್ಲಿ ಮುಚ್ಚಿರಲಿಲ್ಲ. ಚಕ್ರಗಳು ಸುಂದರವಾಗಿಯೇ ಬಂದಿದ್ದವು, ಆದರೆ ಎರಡು ದಿನಗಳ ಓಡಾಟದ ನಂತರ ನಟ್‌ಗಳು ಸ್ಪ್ಯಾನರಿಗೆ ಅರ್ಧ ಸುತ್ತು ತಿರುಗಿದವು. ನಟ್‌ನಡಿ ಸಿಕ್ಕ ದಪ್ಪ ಪೌಡರ್ ಪದರ ಒತ್ತಡಕ್ಕೆ ಕುಗ್ಗಿ, ಬಿಗಿತ ಸಡಿಲಗೊಂಡಿತ್ತು.

ಟೈರ್ ಬಿಚ್ಚುವ ಮೊದಲು ವಾಲ್ವ್‌ನಲ್ಲಿ ಗಾಳಿಯ ಒತ್ತಡದ ಸೆನ್ಸರ್ ಇದೆಯೇ ಎಂದು ಹೇಳುವುದನ್ನು ಮರೆಯಬಾರದು. ಮರಳಿ ಹಾಕುವಾಗ ಬ್ಯಾಲೆನ್ಸಿಂಗ್ ಕಡ್ಡಾಯ.

ಹಂತ 11: ರಕ್ಷಣೆ ಮತ್ತು ಮರುಜೋಡಣೆ

ಹೊಸ ಬಣ್ಣ ಹೊಡೆದ ಚಕ್ರವನ್ನು ಕನಿಷ್ಠ 24 ಗಂಟೆ ಮುಟ್ಟದೆ ಬಿಟ್ಟು, ಒಂದು ವಾರ ಯಾವ ದ್ರಾವಣವನ್ನೂ ಹಾಕದೆ ಇರಬೇಕು. ಬರೀ ತೊಳೆದ ಚಕ್ರಗಳಿಗೆ ಒಣಗಿದ ಕೂಡಲೇ ವೀಲ್ ಸೀಲೆಂಟ್ (ಚಕ್ರಕ್ಕೆ ಹಚ್ಚುವ ರಕ್ಷಣೆಯ ಲೇಪ) ಹಚ್ಚಬಹುದು. ಕಾರಿನ ಮೈಗೆ ಹಚ್ಚುವ ಕಾರ್ನೌಬಾ ಮೇಣ ಸುಮಾರು 85 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ, ಬ್ರೇಕಿನ ಬಿಸಿ ತಾಗುವ ಜಾಗದಲ್ಲಿ ಹೆಚ್ಚು ದಿನ ನಿಲ್ಲದು. ಆಮೇಲೆ ಹದಿನೈದು ದಿನಕ್ಕೊಮ್ಮೆ, ಕಡಲತೀರದಲ್ಲಿ ವಾರಕ್ಕೊಮ್ಮೆ, ಶಾಂಪೂ ನೀರು ಕಂಡರೆ ಸಾಕು. ತೊಳೆದ ಕಾರನ್ನು ಹಾಗೆಯೇ ದಿನಗಟ್ಟಲೆ ನಿಲ್ಲಿಸದೆ, ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬ್ರೇಕುಗಳನ್ನು ಒಣಗಿಸಬೇಕು.

ಚಕ್ರವನ್ನು ಬಿಚ್ಚಿದ್ದರೆ ಹಬ್‌ನ ಮೇಲಿನ ತುಕ್ಕಿನ ಪುಡಿಯನ್ನು ತಂತಿ ಬ್ರಷ್ಷಿನಿಂದ ತೆಗೆದು, ಎಲ್ಲ ನಟ್‌ಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಒಂದನ್ನು ಬಿಗಿದ ಮೇಲೆ ಅದರ ಎದುರಿನದಕ್ಕೆ ಹೋಗುವ ಕ್ರಮದಲ್ಲಿ ಬಿಗಿಯಬೇಕು. ಕೊನೆಯ ಬಿಗಿತ, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದ, ಕಾರಿನ ಕೈಪಿಡಿಯಲ್ಲಿ ಕೊಟ್ಟ ಅಂಕಿಗೆ ಸರಿಯಾಗಿ ಆಗಬೇಕು. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಿಂದ ಬಿಗಿಸಿಕೊಂಡರೆ ಆ ಅಂಕಿ ಎಷ್ಟಾಯಿತೆಂದು ಬಿಗಿದವರಿಗೂ ತಿಳಿದಿರುವುದಿಲ್ಲ, ಗುಳಿಯ ಸುತ್ತಲಿನ ಹೊಸ ಬಣ್ಣವೂ ಸಿಡಿಯುತ್ತದೆ. ಇಳಿಸಿದ್ದ ಗಾಳಿಯನ್ನು ಚಾಲಕನ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿರುವಷ್ಟಕ್ಕೆ ತುಂಬಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ತಣ್ಣಗಿರುವಾಗ, ಎಲ್ಲ ನಟ್‌ಗಳ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.